ಟಿಕೋಟಾ ದಾರಿಯ ಹಳೆಯ ಕಾರು

ನನ್ನ ಗಂಡ ಮೀಸೆ ಮೂಡುವ ಮೊದಲೇ ಗಾಡಿ ಹೊಡೆಯಲು ಕಲಿತವರು. ಟಿಕೋಟಾದಿಂದ ವಿಜಯಪುರಕ್ಕೆ ಸೀಟು ತುಂಬಿಸಿಕೊಂಡು ಓಡುವ ಜೀಪು, ದ್ರಾಕ್ಷಿ ಸುಗ್ಗಿಯಲ್ಲಿ ತೋಟದವರ ಪಿಕಪ್, ಲಗ್ನದ ದಿನಗಳಲ್ಲಿ ಯಾರದೋ ಬಾಡಿಗೆ ಕಾರು. ಒಂದೂ ಅವರದಲ್ಲ. ನಮ್ಮದು ಅನ್ನುವ ಒಂದು ಗಾಡಿ ಮನೆ ಮುಂದೆ ಬಂದು ನಿಲ್ಲುವ ಹೊತ್ತಿಗೆ ಅದರ ಸ್ಟೇರಿಂಗ್ ಹಿಡಿಯುವ ಸ್ಥಿತಿಯಲ್ಲಿ ಅವರಿರಲಿಲ್ಲ. ಹಿಡಿದವಳು ನಾನು. ಅಲ್ಲಿಯವರೆಗೆ ಸೈಕಲ್ ಕೂಡ ತುಳಿಯದವಳು.

ನಾವು ಟಿಕೋಟಾದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅವರ ಊರು ಘೋಣಸಗಿ. ನಾನು ಶಿಕ್ಷಕಿಯಾಗಿರುವುದೂ ಅಲ್ಲಿಯ ಸರಕಾರಿ ಶಾಲೆಯಲ್ಲೇ. ನನ್ನನ್ನು ಓದಿಸಿದವರು ಅವರು. ಲಗ್ನವಾದ ಮೇಲೆ ವಿಜಯಪುರದಲ್ಲಿ ನನ್ನ ಶಿಕ್ಷಕರ ತರಬೇತಿ ನಡೆದಷ್ಟು ಕಾಲ, ಜೀಪಿನಲ್ಲಿ ಎಷ್ಟೇ ಗದ್ದಲವಿದ್ದರೂ ಮುಂದಿನ ಸೀಟಿನ ಒಂದು ಮೂಲೆ ನನಗೆ ಮೀಸಲಿರುತ್ತಿತ್ತು. ಉಳಿದ ಡ್ರೈವರುಗಳು ನಕ್ಕು, "ಅಕ್ಕೋರ ಬಂದ್ರು, ಜಾಗಾ ಬಿಡ್ರೆಪ್ಪೊ" ಅನ್ನುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಅನ್ನುತ್ತಾರೆ. ನಾನಿನ್ನೂ ಅಕ್ಕೋರು ಆಗಿರಲಿಲ್ಲ, ಆದರೂ ಅನ್ನುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಆ ಡ್ರೈವರುಗಳೇ ಅವರ ಬಳಗ.

ಸಕ್ಕರೆ ಕಾಯಿಲೆ ಅವರಿಗೆ ಬಹಳ ವರ್ಷಗಳಿಂದ ಇತ್ತು. ಹೊತ್ತಿಲ್ಲದ ಹೊತ್ತಿನಲ್ಲಿ ಊಟ, ಗಳಿಗೆಗೊಮ್ಮೆ ಸಿಹಿ ಚಹಾ. ಗುಳಿಗೆ ಕೊಟ್ಟರೆ ಕಿಸೆಯಲ್ಲಿಟ್ಟುಕೊಂಡು ಮರೆಯುತ್ತಿದ್ದರು. ಕಾಲು ಬಾತುಕೊಂಡು, ಅನ್ನ ಕಂಡರೆ ವಾಂತಿ ಬರುವಂತಾದಾಗ ವಿಜಯಪುರದಲ್ಲಿ ತೋರಿಸಿದೆವು. ಎರಡೂ ಮೂತ್ರಪಿಂಡ ಹೋಗಿವೆ ಅಂದರು. ಅಲ್ಲಿಂದ ಮುಂದೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮೈಯ ರಕ್ತವೆಲ್ಲ ಯಂತ್ರದೊಳಗೆ ಹೋಗಿ ತೊಳೆದು ಬರಬೇಕು. ಅದಕ್ಕಾಗಿ ಅವರ ಎಡ ಮುಂಗೈಯಲ್ಲಿ ನಾಳ ಜೋಡಿಸಿದರು. ಆ ಕೈಗೆ ಭಾರ ಬೀಳಬಾರದು, ಪೆಟ್ಟಾಗಬಾರದು. "ಗೇರ್ ಹಾಕೂ ಕೈನ ತಗೊಂಡ್ರಲ್ಲ" ಅಂದರು ನನ್ನ ಗಂಡ, ಅಷ್ಟೇ. ಕಣ್ಣೂ ಮಂಜಾಗಿತ್ತು. ಜೀಪಿನ ಮಾಲೀಕ ಬೇರೆಯವನನ್ನು ಇಟ್ಟುಕೊಂಡ.

ಮೊದಮೊದಲು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಹೋಗುವಾಗ ಹೇಗೋ ಆಗುತ್ತಿತ್ತು. ಯಂತ್ರದಿಂದ ಎದ್ದ ಮೇಲೆ ರಕ್ತದೊತ್ತಡ ಇಳಿದು, ತಲೆ ತಿರುಗಿ, ಅವರಿಗೆ ನಿಲ್ಲಲು ಆಗುತ್ತಿರಲಿಲ್ಲ. ಒಂದು ದಿನ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸಿನ ಬಾಗಿಲ ಹಿಡಿಕೆಗೆ ಕೈ ಹಾಕಿದವರು ಹಾಗೇ ಕುಸಿದು ಬಿದ್ದರು. ಧೋತರದ ಹಿರಿಯರೊಬ್ಬರು ಕಾಲು ಹಿಂದಕ್ಕೆ ತೆಗೆದುಕೊಂಡು, "ಇಷ್ಟ ಹೊತ್ತಿಗೇ ಕುಡದಾನ ನೋಡ್ರಿ" ಅಂದರು. ನಾನು ನೆಲದಲ್ಲಿ ಕೂತು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಜನ ಸುತ್ತಿ ದಾಟಿ ಬಸ್ಸು ಹತ್ತಿದರು.

ಡ್ರೈವರ್ ಗೆಳೆಯರಿಗೆ ಫೋನ್ ಮಾಡಿದೆ. ಮೊದಲ ತಿಂಗಳು ಬಂದರು, ಒಬ್ಬರಾದ ಮೇಲೆ ಒಬ್ಬರು. ಆಮೇಲೆ ಒಬ್ಬನ ಗಾಡಿ ಗ್ಯಾರೇಜಿನಲ್ಲಿತ್ತು, ಇನ್ನೊಬ್ಬನಿಗೆ ಅವತ್ತೇ ಬಾಡಿಗೆ ಇತ್ತು. ಕೊನೆಗೆ ಫೋನ್ ಬಡಿದುಕೊಳ್ಳುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ನನ್ನ ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿ, "ಬಿಡು, ಅವರಿಗೂ ಹೊಟ್ಟಿ ಐತಿ" ಅನ್ನುತ್ತಿದ್ದರು.

ಹಳೆಯ ಕಾರೊಂದನ್ನು ತೆಗೆದುಕೊಳ್ಳೋಣ ಅಂದವಳು ನಾನು. ಹೊಸದು ನಮ್ಮ ಕೈಗೆ ಎಟುಕುವ ಮಾತಾಗಿರಲಿಲ್ಲ. "ಹೊಡಿಯಾವ್ರ್ಯಾರು?" ಅಂದರು. "ನಾನ" ಅಂದೆ. ಅವರು ನಗಬಹುದು ಅಂದುಕೊಂಡಿದ್ದೆ. ನಗಲಿಲ್ಲ. ಬಹಳ ಹೊತ್ತು ನನ್ನ ಕೈಗಳನ್ನು ನೋಡಿದರು.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಕಾರಿದೆ ಎಂದು ನಮ್ಮ ಶಾಲೆಯ ಹೆಡ್ ಮಾಸ್ತರರು ಹೇಳಿದರು. ಹಳೆಯ ಕಾಲದ ಮನೆ. ಕಟ್ಟೆಗೆ ತಾಗಿ, ತಾಡಪತ್ರಿ ಹೊದ್ದು ನಿಂತಿತ್ತು ಒಂದು ಸಣ್ಣ ಬಿಳಿ ಕಾರು. ಅದರ ಮಾಲೀಕರು ತೀರಿಕೊಂಡಿದ್ದರು. ಅವರ ಹೆಂಡತಿ, ವಯಸ್ಸಾದ ಹೆಣ್ಣುಮಗಳು, ಕೀಲಿ ತಂದುಕೊಟ್ಟು ಬಾಗಿಲಲ್ಲೇ ನಿಂತರು. ತಾಡಪತ್ರಿ ಎಳೆದಾಗ ಧೂಳಿನ ಜೊತೆ ಇಲಿಯ ವಾಸನೆ ಬಂತು. ಬಾಗಿಲಿನ ಕೆಳಗೆ ತಗಡು ತುಕ್ಕು ಹಿಡಿದು ಬಿಸ್ಕೀಟಿನಂತೆ ಉದುರುತ್ತಿತ್ತು. ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಕಿಟಕಿಯ ಗಾಜನ್ನು ಅಂಗೈಯಿಂದ ಒತ್ತಿ ಇಳಿಸಬೇಕು.

ನನ್ನ ಗಂಡ ಬಾನೆಟ್ ಎತ್ತಿಸಿ, ಗಾಡಿ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ನಿಂತರು. ಕಣ್ಣು ಸರಿಯಾಗಿ ಕಾಣದಿದ್ದರೂ ಕಿವಿ ಕೆಟ್ಟಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದರು.

"ಇದರದು ಮೈ ಹೋಗೈತಿ, ಎಂಜಿನ್ ಐತಿ. ನಂದು ಮೈ ಐತಿ, ಎಂಜಿನ್ ಹೋಗೈತಿ. ತಗೋ, ಇಬ್ಬರೂ ಕೂಡಿ ಒಂದು ಗಾಡಿ ಆಗತೀವಿ."

ಬಾಗಿಲಲ್ಲಿ ನಿಂತಿದ್ದ ಆ ತಾಯಿ ಸೆರಗನ್ನು ಬಾಯಿಗೆ ಹಿಡಿದುಕೊಂಡು ಒಳಗೆ ಹೋದರು.

ನನಗೆ ಕಲಿಸಿದ್ದು ಶಾಲೆಯ ಮೈದಾನದಲ್ಲಿ, ರವಿವಾರ ಮುಂಜಾನೆಗಳಲ್ಲಿ. ಅವರು ಶಾಂತ ಗುರುವಾಗಿರಲಿಲ್ಲ. ಕ್ಲಚ್ ಬೇಗ ಬಿಟ್ಟು ಗಾಡಿ ಜಿಗಿದರೆ, "ಅದೇನ ಕುದರಿ ಏನು, ಜಿಗಿಸಾಕ? ಮೆಲ್ಲಕ ಬಿಡು!" ಎಂದು ಒದರುತ್ತಿದ್ದರು. ಮೂರನೆಯ ಗೇರಿಗೆ ತಡವರಿಸಿದರೆ ಬಲಗೈಯಿಂದ ಡ್ಯಾಶ್‌ಬೋರ್ಡ್ ಬಡಿಯುತ್ತಿದ್ದರು. ಒಮ್ಮೆ ನಾನು ಗಾಡಿ ನಿಲ್ಲಿಸಿ, ಕೀಲಿ ಅವರ ತೊಡೆಯ ಮೇಲೆ ಎಸೆದು ಇಳಿದುಬಿಟ್ಟೆ. ಬೇವಿನ ಗಿಡದ ಕೆಳಗೆ ಹೋಗಿ ಕೂತೆ. ಅವರು ಇಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನಗೆ ನೆನಪಾಯಿತು, ಆ ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ ಎಂದು. ಎದ್ದು ಹೋಗಿ ಬಾಗಿಲು ತೆರೆದೆ. ಅವರ ಮುಖ ಬೆವರಿತ್ತು.

"ಕರೀಬಾರದಿತ್ತೇನ್ರಿ?" ಅಂದೆ.

"ಕರದ್ರ ಸೋತಂಗಾಗತಿತ್ತು" ಅಂದರು.

ಲೈಸೆನ್ಸ್ ಕೈಗೆ ಬಂದ ಮೇಲೆ ಆಸ್ಪತ್ರೆಯ ದಾರಿ ನಮ್ಮದೇ ಆಯಿತು. ಶಾಲೆಗೆ ಅರ್ಧ ದಿನ ರಜೆ ಹಾಕಿ, ಹಿಂದಿನ ಸೀಟಿನಲ್ಲಿ ದಿಂಬು, ಕಂಬಳಿ, ವಾಂತಿಗೊಂದು ಪ್ಲಾಸ್ಟಿಕ್ ಬಕೆಟ್ ಇಟ್ಟುಕೊಂಡು ಹೊರಡುತ್ತಿದ್ದೆವು. ರಸ್ತೆಯ ಎರಡೂ ಕಡೆ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು, ಆಮೇಲೆ ಬರಿಯ ಕರಿ ನೆಲ. ನನ್ನ ಗಂಡ ರಸ್ತೆಯನ್ನು ಗಾಡಿಯ ಕುಲುಕಾಟದಿಂದಲೇ ಓದುತ್ತಿದ್ದರು. ಕಣ್ಣು ಮುಚ್ಚಿಕೊಂಡೇ, "ಮುಂದ ಹಳ್ಳದ ಪೂಲು ಬರತೈತಿ, ಗೇರ್ ಇಳಸು" ಅನ್ನುತ್ತಿದ್ದರು. ಸೇತುವೆ ಬರುತ್ತಿತ್ತು.

ಪೇಟೆಯೊಳಗಿನ ಗದ್ದಲ ನನಗಿನ್ನೂ ರೂಢಿಯಾಗಿರಲಿಲ್ಲ. ಒಂದು ದಿನ ಔಷಧಿಗೆಂದು ಗಾಂಧಿ ಚೌಕಕ್ಕೆ ಹೋದಾಗ ಸರಿಯಾಗಿ ನಡುವಿನಲ್ಲೇ ಗಾಡಿ ಬಂದ್ ಬಿತ್ತು. ಹಿಂದೆ ಆಟೋಗಳು, ಮುಂದೆ ತಳ್ಳುಗಾಡಿಗಳು, ಎಲ್ಲ ಕಡೆಯಿಂದ ಹಾರ್ನು. ಒಬ್ಬ ಬಾನೆಟ್ ಬಡಿದು, "ಹೊಡಿಯಾಕ ಬರದಿದ್ರ ಮನ್ಯಾಗ ಇರಬೇಕಬೇ!" ಅಂದ. ನನ್ನ ಗಂಡ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಅವನನ್ನು ಬೈಯತೊಡಗಿದರು. ಆ ದನಿಗೆ ಪಕ್ಕದ ಜೀಪಿನವನು ತಿರುಗಿ ನೋಡಿದ. ನನ್ನ ಗಂಡನ ಜೊತೆ ಒಂದೇ ತಾಟಿನಲ್ಲಿ ಉಂಡವನು, ನಮ್ಮ ಫೋನ್ ಎತ್ತದವರಲ್ಲಿ ಒಬ್ಬ. ಬೂದಿ ಬಣ್ಣಕ್ಕೆ ತಿರುಗಿದ ಆ ಮುಖ, ಅಂಗಿಯೊಳಗೆ ತೂಗುವ ಆ ತೋಳು ಅವನಿಗೆ ಕಂಡವು. ಗುರುತು ಸಿಕ್ಕಿತು ಎನ್ನುವುದು ನನಗೆ ಸ್ಪಷ್ಟವಾಗಿ ಕಂಡಿತು. ಅವನು ಮುಖ ತಿರುಗಿಸಿ ಸಂದಿಯೊಂದರಲ್ಲಿ ಜೀಪು ನುಗ್ಗಿಸಿಕೊಂಡು ಹೋಗಿಬಿಟ್ಟ. ನನ್ನ ಗಂಡ ಒಳಗೆ ಸರಿದು ಕೂತರು. ಅವರ ಮಂಜುಗಣ್ಣಿಗೆ ಅವನು ಕಂಡನೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಬೇಸಿಗೆ ಬಂದ ಮೇಲೆ ಕಾರಿನ ರೇಡಿಯೇಟರು ಸೋರತೊಡಗಿತು. ರಿಪೇರಿ ಮಾಡಿಸಿದರೆ ಎರಡು ವಾರ ಸರಿಯಿದ್ದು ಮತ್ತೆ ಸೋರುತ್ತಿತ್ತು. ಹೀಗಾಗಿ ನೀರಿನ ಕ್ಯಾನ್ ಒಂದು ಯಾವಾಗಲೂ ಜೊತೆಗಿರುತ್ತಿತ್ತು. ನನ್ನ ಗಂಡನಿಗೆ ನೀರು ಕುಡಿಯುವಂತಿರಲಿಲ್ಲ. ಮೂತ್ರ ನಿಂತುಹೋದ ಮನುಷ್ಯ ಕುಡಿದ ನೀರೆಲ್ಲ ಮೈಯಲ್ಲೇ ಉಳಿಯುತ್ತದೆ, ಪುಪ್ಪುಸಕ್ಕೆ ತುಂಬುತ್ತದೆ. ದಿನಕ್ಕೆ ಒಂದು ಸಣ್ಣ ಚರಿಗೆಯಷ್ಟು, ಚಹಾ ಸಾರು ಎಲ್ಲ ಸೇರಿ. ಬಾಯಿ ಆರಿದರೆ ಐಸಿನ ಚೂರು. ನಮ್ಮ ಕಡೆಯ ಬಿಸಿಲು ಬಲ್ಲವರಿಗೆ ಅದರ ಅರ್ಥ ಗೊತ್ತಾದೀತು.

ಆ ಬೇಸಿಗೆಯ ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಮರಳುವಾಗ ಬಾನೆಟ್ಟಿನಿಂದ ಹಬೆ ಎದ್ದಿತು. ಗಾಡಿಯನ್ನು ಬದಿಗೆ ಹಾಕಿದೆ. ನೆರಳೆನ್ನುವುದು ಎಲ್ಲೂ ಇರಲಿಲ್ಲ. ಎಂಜಿನ್ ಆರುವವರೆಗೆ ಕಾದು, ಬಟ್ಟೆ ಹಿಡಿದು ಮುಚ್ಚಳ ತೆಗೆದು, ಕ್ಯಾನಿನಿಂದ ನೀರು ಸುರಿಯತೊಡಗಿದೆ. ಗಟಗಟ ಅಂತ ಒಳಗೆ ಇಳಿಯುತ್ತಿತ್ತು. ತಲೆ ಎತ್ತಿದಾಗ ನನ್ನ ಗಂಡ ತೆರೆದ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು, ಆ ಸದ್ದನ್ನೇ ಕೇಳುತ್ತಿದ್ದರು. ತುಟಿ ಒಡೆದು ರಕ್ತ ಕಾಣುತ್ತಿತ್ತು. ನಾನು ಕೈ ತಡೆದೆ.

"ಯಾಕ ನಿಂದ್ರಿಸಿದಿ? ಕುಡಸು ಅದಕ್ಕ. ಅದಕ್ಕರ ಯಾರೂ ಬ್ಯಾಡ ಅನ್ನಂಗಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬೇರೆ ಮೂತ್ರಪಿಂಡ ಹಾಕಿಸುವ ಮಾತೂ ಆಗಿತ್ತು, ಕಾರು ಬರುವ ಮೊದಲೇ. ನನ್ನ ರಕ್ತದ ಗುಂಪು ಹೊಂದಲಿಲ್ಲ. ಅವರಿಗೆ ಇದ್ದವರು ಒಬ್ಬರೇ ಅಕ್ಕ, ಬಬಲೇಶ್ವರಕ್ಕೆ ಕೊಟ್ಟವರು. ತಾಯಿ ತೀರಿದ ಮೇಲೆ ತಮ್ಮನನ್ನು ಎತ್ತಿ ಆಡಿಸಿದವರು. "ನನ್ನ ತಮ್ಮಗ ನಾ ಕೊಡತೇನಿ" ಎಂದು ತಾವಾಗಿ ಮುಂದೆ ಬಂದರು, ತಪಾಸಣೆ ಮಾಡಿಸಿಕೊಂಡರು, ಹೊಂದಿತು. ಆಮೇಲೆ ಒಂದು ದಿನ ಫೋನ್ ಬಂತು. ಗಂಡ, ಮಕ್ಕಳು ಯಾರೂ ಒಪ್ಪುತ್ತಿಲ್ಲ ಎಂದು ಹೇಳಿ ಅಳುತ್ತ ಇಟ್ಟುಬಿಟ್ಟರು. ಅಂದಿನಿಂದ ಅವರು ನಮ್ಮ ಮನೆಗೆ ಬಂದಿರಲಿಲ್ಲ. ನಾವೂ ಹೋಗಿರಲಿಲ್ಲ.

ಒಂದು ಡಯಾಲಿಸಿಸ್ ದಿನ, ಟಿಕೋಟಾದ ಸರ್ಕಲ್ಲಿನಲ್ಲಿ ನಾನು ವಿಜಯಪುರದ ಕಡೆ ತಿರುಗಿಸಬೇಕು, ಅಷ್ಟರಲ್ಲಿ ಅವರು ಸ್ಟೇರಿಂಗಿನ ಮೇಲೆ ಕೈಯಿಟ್ಟರು.

"ಇವತ್ತ ವಿಜಾಪುರ ಬ್ಯಾಡ. ಬಬಲೇಶ್ವರಕ್ಕ ಹೊಡಿ."

"ಏನ ಮಾತಾಡಾಕತ್ತೀರಿ? ಮಷೀನ್ ಹಚ್ಚೂ ಹೊತ್ತಾತು."

"ಅಕ್ಕನ್ನ ನೋಡಬೇಕನಸೈತಿ. ಮಷೀನ್ ನಾಳೆ ಹಚ್ಚಿದ್ರಾತು."

"ನಾಳೆ ಜಾಗಾ ಇರತೈತೇನ್ರಿ? ಅದೇನ ಮಾವನ ಮನೀನ?"

ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನು ಹೊಡೆಯುತ್ತಿದ್ದ. ಅವರು ನನ್ನ ಕಡೆ ನೋಡದೆ ಮುಂದಿನ ಗಾಜಿಗೆ ಹೇಳಿದರು: "ನನಗ ಹೊಡಿಯಾಕ ಆಗತಿದ್ರ ನಿನ್ನ ಕೇಳತಿದ್ದಿಲ್ಲ."

ನಾನು ಬಬಲೇಶ್ವರದ ಕಡೆ ತಿರುಗಿಸಿದೆ. 

ಅಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕಾರು ನಮ್ಮದೆಂದು ಅವರಿಗೆ ಗೊತ್ತಿರಲಿಲ್ಲ. ತಮ್ಮ ಇಳಿದದ್ದು ಕಂಡು ಮೊರ ಕೈಯಲ್ಲಿ ಹಿಡಿದು ಹಾಗೇ ನಿಂತರು. ನನ್ನ ಗಂಡ ನಿಧಾನವಾಗಿ ನಡೆದು ಹೋಗಿ ಕಟ್ಟೆಯ ಮೇಲೆ ಕೂತರು.

"ಯಕ್ಕಾ, ನಿನ್ನ ಮಕ್ಕಳು ಬ್ಯಾಡ ಅಂದಿದ್ದು ಛಲೋನ ಆತು ನೋಡು. ನಾನೂ ನಿನ್ನ ಮಗನಾಗಿದ್ರ ಬ್ಯಾಡನ ಅಂತಿದ್ದೆ. ಅದನ್ನ ಹೇಳಿ ಹೋಗಾಕ ಬಂದೇನಿ. ಈಗ ರೊಟ್ಟಿ ಮಾಡು."

ಅಕ್ಕ ಮೊರ ಕೆಳಗಿಟ್ಟರು. ಒಳಗೆ ಹೋಗಿ, ಮನೆಗೆ ಬಂದವರಿಗೆ ಕೊಡುವ ರೂಢಿಯಂತೆ ತಂಬಿಗೆ ತುಂಬ ನೀರು ತಂದರು. ಕೊಡುವ ಮೊದಲು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡರು. ನನ್ನ ಗಂಡ ಬಲಗೈ ಚಾಚಿ ಅದನ್ನು ತೆಗೆದುಕೊಂಡು ಗದ್ದ ಎತ್ತಿ ಕುಡಿದರು. ಗಂಟಲು ಏರಿ ಇಳಿಯುವುದನ್ನು ನಾವಿಬ್ಬರೂ ನಿಂತು ನೋಡಿದೆವು. ಕುಡಿದು ಮುಗಿಸಿ ಬಾಯಿ ಒರೆಸಿಕೊಂಡು ಇನ್ನೊಂದು ತಂಬಿಗೆ ಕೇಳಿದರು. ಅಕ್ಕ ನನ್ನ ಮುಖ ನೋಡಿದರು. ನಾನು ಬೇಡ ಅನ್ನಲಿಲ್ಲ. ಆ ಹೊತ್ತಿಗೆ ಬೇಡ ಎನ್ನುವವಳು ನಾನಾಗಬಾರದು ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಅವರು ಉಂಡರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಮಜ್ಜಿಗೆ. ಎಲ್ಲವೂ ಡಾಕ್ಟರು ಬೇಡವೆಂದಿದ್ದೇ. ಉಪ್ಪು ಸಾಲದೆಂದು ಕೇಳಿ ಹಾಕಿಸಿಕೊಂಡರು. ಕೈ ತೊಳೆಯಲು ಅಕ್ಕನ ಜೊತೆ ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಬಂದು ಜಂತಿಯ ಕೆಳಗೆ ಗೋಣಿ ತಟ್ಟಿನ ಮೇಲೆ ಮಲಗಿ ಗೊರಕೆ ಹೊಡೆದರು.

ಎದ್ದಾಗ ಉಸಿರು ಸಿಗುತ್ತಿರಲಿಲ್ಲ.

ಬಬಲೇಶ್ವರದಿಂದ ವಿಜಯಪುರದವರೆಗೆ ಆ ದಿನ ನಾನು ಹೇಗೆ ಗಾಡಿ ಹೊಡೆದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಅಕ್ಕ ಹಿಂದಿನ ಸೀಟಿನಿಂದ ಅವರ ಭುಜ ಹಿಡಿದುಕೊಂಡಿದ್ದರು. ಅವರು ಡ್ಯಾಶ್‌ಬೋರ್ಡಿಗೆ ಒರಗಿ ಕೂತು, ನೀರಲ್ಲಿ ಮುಳುಗುವವರ ಹಾಗೆ ಬಾಯಿ ತೆರೆದು ಗಾಳಿ ಎಳೆಯುತ್ತಿದ್ದರು. ಎದೆಯೊಳಗೆ ಬುಳುಬುಳು ಸದ್ದು. ಅಷ್ಟರಲ್ಲೂ ಒಂದೊಂದೇ ಮಾತು ಹೊರಡುತ್ತಿತ್ತು.

"ಅಂಜಬ್ಯಾಡ... ಟ್ರಕ್ಕಿನ ಬೆನ್ನ ಹತ್ತಬ್ಯಾಡ... ಬಾಜೂ ತಗಿ..."

ಆಸ್ಪತ್ರೆಯಲ್ಲಿ ಕೂಡಲೇ ಯಂತ್ರಕ್ಕೆ ಹಚ್ಚಿದರು. ಉಳಿದರು. ಡಾಕ್ಟರು ಬೈದದ್ದು ನನ್ನನ್ನು. "ಓದಿದವರು ನೀವು, ಮಕ್ಕಳಿಗೆ ಪಾಠ ಹೇಳುವವರು" ಅಂದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಗಾಜಿನ ಆಚೆ ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದ ನನ್ನ ಗಂಡನ ಮುಖದಲ್ಲಿ ಬಹಳ ತಿಂಗಳುಗಳಿಂದ ಕಾಣದಿದ್ದ ಒಂದು ಸಮಾಧಾನವಿತ್ತು. ಅದನ್ನು ಡಾಕ್ಟರಿಗೆ ಹೇಗೆ ಹೇಳುವುದು?

ಆಮೇಲೆ ಅವರು ಮಳೆಗಾಲ ನೋಡಿದರು. ಆದರೆ ಇಳಿಯುತ್ತಲೇ ಹೋದರು. ದಾರಿ ಹೇಳುವುದನ್ನು ಬಿಟ್ಟರು. ನಾನು ಬೇಕೆಂದೇ ತಪ್ಪು ಗೇರಿನಲ್ಲಿ ಎಳೆಯುತ್ತಿದ್ದೆ, ಬೈಯಲಿ ಎಂದು. ಕಿಟಕಿಗೆ ತಲೆಯಾನಿಸಿ ಸುಮ್ಮನಿರುತ್ತಿದ್ದರು.

ಕೊನೆಯ ದಿನ ಕಾರು ಮುಂಜಾನೆಯಿಂದಲೇ ತಕರಾರು ತೆಗೆದಿತ್ತು. ಟಿಕೋಟಾದಲ್ಲಿ ಅಕ್ಕಪಕ್ಕದವರು ನೂಕಿ ಚಾಲೂ ಮಾಡಿಕೊಟ್ಟರು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಯಂತ್ರ ಶುರುವಾದ ಮೇಲೆ ಅವರೇ ಅಂದರು: "ಇಲ್ಲಿ ಕುಂತ ಏನ ಮಾಡತಿ? ಬ್ಯಾಟರಿ ತೋರಿಸಿಕೊಂಡು ಬಾ. ಹೊಳ್ಳಿ ಹೋಗುಮುಂದ ನೂಕಾಕ ನನ್ನ ಕಡೆ ಆಗಂಗಿಲ್ಲ."

ನಗಿಸಲು ಹೇಳಿದ್ದು. ನಾನು ನಕ್ಕೆ. ಹೋಗಿ ಮೆಕ್ಯಾನಿಕನ ಜೊತೆ ನಾನೂ ಕೈ ಹಾಕಿ ಬ್ಯಾಟರಿ ಬದಲಿಸಿಕೊಂಡು ಬಂದೆ. ವಾರ್ಡಿನಲ್ಲಿ ಅವರ ಹಾಸಿಗೆಯ ಸುತ್ತ ಪರದೆ ಎಳೆದಿತ್ತು. ರಕ್ತದೊತ್ತಡ ಇಳಿಯಿತು, ಎದೆ ನಿಂತಿತು, ಬಹಳ ಪ್ರಯತ್ನ ಮಾಡಿದೆವು ಎಂದು ನರ್ಸ್ ಹೇಳಿದಳು. ನನ್ನ ಕೈಗೆ ಮೆತ್ತಿದ್ದ ಕರಿ ಎಣ್ಣೆಯನ್ನು ನೋಡಿ, "ಕೈ ತೊಳಕೊಂಡ ಬರ್ರಿ ಅಕ್ಕೋರ, ಆಮ್ಯಾಲೆ ಮುಟ್ಟೀರಂತ" ಅಂದಳು. ನಾನು ನಲ್ಲಿಯ ಕೆಳಗೆ ಕೈ ಹಿಡಿದು ಬಹಳ ಹೊತ್ತು ನಿಂತೆ. ಎಣ್ಣೆ ಹೋಗಲಿಲ್ಲ. ಹಾಗೇ ಹೋಗಿ ಮುಟ್ಟಿದೆ.

ಅಕ್ಕನಿಗೆ ಫೋನ್ ಮಾಡಿದೆ. ಡ್ರೈವರುಗಳಿಗೆ ನಾನು ಹೇಳಲಿಲ್ಲ. ಹೇಗೆ ಸುದ್ದಿ ಮುಟ್ಟಿತೋ, ಆಸ್ಪತ್ರೆಯವರ ಕಾಗದಪತ್ರ ಮುಗಿಯುವ ಮೊದಲೇ ಹೊರಗೆ ಜೀಪುಗಳು ಸಾಲಾಗಿ ನಿಂತಿದ್ದವು. ಟಿಕೋಟಾದವು, ಬಬಲೇಶ್ವರದವು, ಊರೊಳಗಿನ ಆಟೋಗಳು ಕೂಡ. ಗಾಂಧಿ ಚೌಕದಲ್ಲಿ ಮುಖ ತಿರುಗಿಸಿದವನು ಎಲ್ಲರಿಗಿಂತ ಮುಂದಿದ್ದ. ಅವನ ಕೈಯಲ್ಲಿ ದೊಡ್ಡ ಹೂವಿನ ಹಾರ.

"ಅಕ್ಕೋರ, ಆಂಬುಲೆನ್ಸ್ ಬ್ಯಾಡ್ರಿ. ಅವ ಹೊಡದ ಜೀಪ್ ತಂದೇವಿ. ಅದರಾಗ ಒಯ್ಯೂಣ್ರಿ."

ಅಷ್ಟು ದಿನ ನುಂಗಿದ್ದು ಬಾಯಿಗೆ ಬಂದುಬಿಟ್ಟಿತು. "ಜೀವ ಇದ್ದಾಗ ನಿಮ್ಮ ಗಾಡ್ಯಾಗ ಜಾಗಾ ಇರಲಿಲ್ಲೇನ್ರಿ?"

ಸುತ್ತ ನಿಂತವರೆಲ್ಲ ನೆಲ ನೋಡಿದರು. ಅವನು ಮಾತ್ರ ನನ್ನ ಮುಖ ನೋಡಿ ಹೇಳಿದ: "ಖರೇ ಹೇಳತೇನ್ರಿ, ಅವನ್ನ ಹಂಗ ನೋಡಾಕ ಆಗತಿದ್ದಿಲ್ಲ. ನಮ್ಮೆಲ್ಲಾರಿಗೂ ಸಕ್ಕರಿ ಐತ್ರಿ. ಅವನ ಬಾಜೂ ಕುಂತ್ರ ನಾಳಿಂದು ನಮ್ಮ ಪಾಳಿ ಅನಸತಿತ್ತು. ಅಂಜಿ ಫೋನ್ ಎತ್ತಲಿಲ್ರಿ."

ನಾನು ಪಕ್ಕಕ್ಕೆ ಸರಿದೆ. ಒಯ್ಯಿರಿ ಅಂದೆ.

ಜೀಪುಗಳು ಮುಂದೆ ಹೋದವು, ನಿಧಾನವಾಗಿ, ಹಾರ್ನು ಹೊಡೆಯದೆ. ಜೀಪುಗಳಲ್ಲಿ ಬಂದು ಬಾಯಿ ಬಡಿದುಕೊಂಡು ಅಳುತ್ತಿದ್ದ ನೆರೆಯ ಹೆಂಗಸರು ನನ್ನನ್ನೂ ಅವರಿದ್ದ ಜೀಪಿನಲ್ಲಿ ಹತ್ತಿಸಲು ನೋಡಿದರು. ನಾನು ಹತ್ತಲಿಲ್ಲ. ಕಾರನ್ನು ಅಲ್ಲಿ ಬಿಟ್ಟು ಬರುವ ಮನಸ್ಸಾಗಲಿಲ್ಲ. ಕೊನೆಯಲ್ಲಿ, ಧೂಳಿನ ಹಿಂದೆ, ನಾನೊಬ್ಬಳೇ ಘೋಣಸಗಿಯವರೆಗೆ ಹೊಡೆದುಕೊಂಡು ಬಂದೆ. ಹಳ್ಳದ ಪೂಲಿನ ಹತ್ತಿರ ತಾನಾಗಿಯೇ ಕೈ ಗೇರ್ ಇಳಿಸಿತು. ಅಲ್ಲಿ ನನಗೆ ಅಳು ಬಂತು. ಗಾಡಿ ನಿಲ್ಲಿಸಲಿಲ್ಲ, ಅಳುತ್ತಲೇ ಹೊಡೆದೆ. ಅವರ ಹೊಲದಲ್ಲಿ, ತಂದೆ ತಾಯಿಯ ಪಕ್ಕದಲ್ಲಿ ಮಣ್ಣು ಕೊಟ್ಟೆವು.

ಅಕ್ಕ ದಿನಕರ್ಮಗಳೆಲ್ಲ ಮುಗಿಯುವವರೆಗೆ ನನ್ನ ಜೊತೆಗೇ ಇದ್ದರು. ಅಡಿಗೆ ಮಾಡಿದರು, ಬಂದವರಿಗೆ ಉತ್ತರ ಹೇಳಿದರು, ನನ್ನ ತಲೆಗೆ ಎಣ್ಣೆ ಹಚ್ಚಿದರು. ಊರಿಗೆ ಹೊರಡುವ ದಿನ ಮಗ ಕರೆಯಲು ಬರುತ್ತೇನೆಂದರೆ ಬೇಡವೆಂದು, "ತಂಗಿ, ನೀನ ಬಿಟ್ಟ ಬಾ" ಅಂದರು.

ಆ ದಾರಿಯಲ್ಲಿ ಜೋಳ ಎದೆಮಟ ಬಂದಿತ್ತು. ಅರ್ಧ ದಾರಿ ಕಳೆದ ಮೇಲೆ ಅಕ್ಕ ಬಾಯಿ ಬಿಟ್ಟರು.

"ನನ್ನ ಗಂಡ ಮಕ್ಕಳು ಬ್ಯಾಡ ಅನ್ನಲಿಲ್ಲ ತಂಗಿ. ನಿನ್ನ ಖುಷಿ ಅಂದಿದ್ರು. ನಾನ ಅಂಜಿದೆ. ಹೊಟ್ಟಿ ಕೊಯ್ಯತಾರ ಅಂದಕೂಡಲೆ ಕೈಕಾಲು ತಣ್ಣಗಾದು. ಅವರ ಮ್ಯಾಲೆ ಹಾಕಿ ಹೇಳಿದೆ."

ನನಗೆ ಕಾಲು ಎಲ್ಲಿದೆ, ಬ್ರೇಕ್ ಎಲ್ಲಿದೆ ತಿಳಿಯದಾಯಿತು. ಗೇರ್ ಇಳಿಸಿ, ರಸ್ತೆ ನೋಡುತ್ತಲೇ ಕೇಳಿದೆ: "ಅವರಿಗೆ ಗೊತ್ತಿತ್ತೇನ್ರಿ?"

"ಅವತ್ತ ಹಿತ್ತಲದಾಗ ಕೈಗೆ ನೀರ ಹಾಕುಮುಂದ ಹೇಳಿದೆ. 'ನಾನಿದ್ರೂ ಅಂಜತಿದ್ದೆ ಬಿಡು' ಅಂದ. ನಿನಗ ಹೇಳಬ್ಯಾಡ ಅಂದ. 'ಆಕಿ ಇನ್ನೂ ಬಹಳ ದಿನ ಇರಾಕಿ, ನಿಮ್ಮಿಬ್ಬರದು ಕೆಡಬಾರದು' ಅಂದ. ನನಗ ಇಟಗೊಳ್ಳಾಕ ಆಗಲಿಲ್ಲ."

ಅಕ್ಕ ಹೇಳಿ ಹಗುರಾದರೋ ಏನೋ ನಾನರಿಯೆ. ನನಗೆ ಮೊದಲು ಬಂದದ್ದು ಅಕ್ಕನ ಮೇಲಿನ ಸಿಟ್ಟಲ್ಲ, ಗಂಡನ ಮೇಲಿನದು. ಆ ದಿನದ ನಂತರ ಮಳೆಗಾಲದುದ್ದಕ್ಕೂ ಅವರು ನನ್ನ ಪಕ್ಕದಲ್ಲೇ ಕೂತು ಆ ರಸ್ತೆಯನ್ನು ಸವೆಸಿದ್ದರು, ಇದನ್ನು ಒಳಗಿಟ್ಟುಕೊಂಡು. ಕಿಟಕಿಗೆ ತಲೆಯಾನಿಸಿ ಅವರು ಸುಮ್ಮನಿದ್ದಾಗಲೆಲ್ಲ ನೋವಿಗೆ ಸುಮ್ಮನಿದ್ದಾರೆ ಅಂದುಕೊಂಡಿದ್ದೆ. ಆ ಮೌನದಲ್ಲಿ ನನ್ನಿಂದ ಮುಚ್ಚಿಟ್ಟ ಮಾತೂ ಒಂದಿತ್ತು.

ಬಬಲೇಶ್ವರದಲ್ಲಿ ಅಕ್ಕನನ್ನು ಬಾಗಿಲಿಗೆ ಇಳಿಸಿದೆ. "ಒಳಗ ಬಾ, ಚಾ ಕುಡದು ಹೋಗು" ಅಂದರು. "ಹೊತ್ತಾಗತೈತ್ರಿ" ಅಂದೆ. ಹೊತ್ತು ಇನ್ನೂ ಬೇಕಾದಷ್ಟಿತ್ತು, ಬಿಸಿಲು ನೆತ್ತಿಯ ಮೇಲಿತ್ತು. ಇಬ್ಬರಿಗೂ ಅದು ಕಾಣುತ್ತಿತ್ತು. ಅವರು ಒತ್ತಾಯ ಮಾಡಲಿಲ್ಲ.

ಕಾರನ್ನು ಗುಜರಿಗೆ ಹಾಕು ಎಂದು ಶಾಲೆಯಲ್ಲಿ ಎಲ್ಲರೂ ಹೇಳುತ್ತಾರೆ. ಹಾಕಿಲ್ಲ. ಅದರ ಮೇಲೆ ಪ್ರೀತಿ ಏನಿಲ್ಲ. ಟಿಕೋಟಾದಿಂದ ಘೋಣಸಗಿಗೆ ಹೋಗಿ ಬರಲು ಅದು ಸಾಕು, ಬಸ್ಸಿನ ಬಾಗಿಲ ಹಿಡಿಕೆಗೆ ಕೈ ಹಾಕಲು ನನಗೆ ಈಗಲೂ ಆಗುವುದಿಲ್ಲ. ಡ್ರೈವರುಗಳು ಎದುರಾದರೆ ಕೈ ಎತ್ತುತ್ತಾರೆ, ನಾನೂ ಎತ್ತುತ್ತೇನೆ. ಅವರಲ್ಲಿ ಒಬ್ಬನಿಗೆ ಈಚೆಗೆ ಕಾಲು ಬಾತಿದೆಯಂತೆ.

ಅಕ್ಕ ಹಬ್ಬ ಹುಣ್ಣಿಮೆಗೆ ಫೋನ್ ಮಾಡುತ್ತಾರೆ. ಎತ್ತುತ್ತೇನೆ. ಮಳೆ ಹೇಗಾಯಿತು, ಮೊಮ್ಮಗ ಶಾಲೆಗೆ ಹೋಗುತ್ತಾನೋ ಎಂದು ಕೇಳುತ್ತೇನೆ, ಅವರು ಹೇಳುತ್ತಾರೆ. ಬಾ ಎಂದು ಅವರು ಕರೆಯುವುದಿಲ್ಲ, ಬರುತ್ತೇನೆಂದು ನಾನೂ ಅನ್ನುವುದಿಲ್ಲ. ಇಬ್ಬರಲ್ಲಿ ಯಾರಾದರೂ ಒಬ್ಬರು "ಇಡಲೇನ?" ಅನ್ನುವವರೆಗೆ ಮಾತು ನಡೆಯುತ್ತದೆ.